ಶರಣಮ್ಮ ಟೀಚರ್ ಮತ್ತು ಗೋದಲಿಯ ಹತ್ತಿ

ಭೂಗೋಳದ ಗಂಟೆ ಬಾರಿಸಿತೆಂದರೆ ನಾವು ಐದನೆಯ ಇಯತ್ತೆಯವರು ಕರಿಹಲಗೆಗೆ ಬೆನ್ನು ತಿರುಗಿಸಿ ಕೂರಬೇಕಾಗಿತ್ತು. ಕರಿಹಲಗೆ ಇದ್ದದ್ದು ದಕ್ಷಿಣದ ಗೋಡೆಯಲ್ಲಿ. ನಕಾಶೆಯಲ್ಲಿ ಮೇಲಿರುವುದು ಉತ್ತರ ಎಂದ ಮೇಲೆ ಅದನ್ನು ದಕ್ಷಿಣದ ಗೋಡೆಗೆ ತೂಗುಹಾಕುವುದು ಶರಣಮ್ಮ ಟೀಚರ್ ಪ್ರಕಾರ ದೇಶಕ್ಕೆ ಮಾಡುವ ಮೋಸ. ಹೀಗಾಗಿ ನಕಾಶೆ ಉತ್ತರದ ಕಿಟಕಿಗೆ ಜೋತುಬೀಳುತ್ತಿತ್ತು, ನಾವು ಕೂತಿದ್ದ ಗೋಣಿತಟ್ಟು ಎತ್ತಿಕೊಂಡು ಅತ್ತ ತಿರುಗುತ್ತಿದ್ದೆವು. ಹಿಂದಿನ ಸಾಲಿನ ದಡ್ಡರೆಲ್ಲ ಮುಂದಿನ ಸಾಲಿನವರಾಗುತ್ತಿದ್ದರು, ಜಾಣರು ಹಿಂದೆ ಬೀಳುತ್ತಿದ್ದರು. ನಮ್ಮ ಶಾಲೆಯಲ್ಲಿ ದಡ್ಡರಿಗೆ ಭೂಗೋಳ ಮಾತ್ರ ಚೆನ್ನಾಗಿ ಬರುತ್ತಿತ್ತು.

ಎಡ, ಬಲ ಎಂಬ ಮಾತು ಅವರ ಬಾಯಲ್ಲಿ ಬರುತ್ತಿರಲಿಲ್ಲ. ಎಡಚ ಹನುಮಂತನಿಗೆ ಒಮ್ಮೆ, "ಪಡುವಲ ಕೈಲೆ ಬರಿಯಾಕತ್ತೀಯೇನಲೇ? ಮೂಡಲ ಕೈಲೆ ಬರಿ" ಎಂದು ಗದರಿದರು. ಹನುಮಂತ ಸ್ವಲ್ಪ ಯೋಚಿಸಿದ. ಆಮೇಲೆ ಇಡಿಯಾಗಿ ದಕ್ಷಿಣಕ್ಕೆ ತಿರುಗಿ ಕೂತು ಅದೇ ಕೈಯಲ್ಲಿ ಬರೆದ. ಟೀಚರ್ ನಗಲಿಲ್ಲ, ಆ ತಿಂಗಳ ಪರೀಕ್ಷೆಯಲ್ಲಿ ಅವನಿಗೆ ಪೂರ್ತಿ ಮಾರ್ಕು ಕೊಟ್ಟರು.

ಎಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಮಸ್ಕಿಯ ಹೊರಗೆ ಕನ್ಯಾಸ್ತ್ರೀಯರು ನಡೆಸುತ್ತಿದ್ದ ಸಣ್ಣ ಶಾಲೆ. ಕ್ರೈಸ್ತರ ಮಕ್ಕಳು ಬೆರಳೆಣಿಕೆಯಷ್ಟು. ಉಳಿದವರೆಲ್ಲ ಹೊಲ ಇದ್ದವರ, ಹೊಲಕ್ಕೆ ಕೂಲಿ ಹೋಗುವವರ ಮಕ್ಕಳು. ಶರಣಮ್ಮ ಟೀಚರ್ ಹಣೆತುಂಬ ವಿಭೂತಿ ಹಚ್ಚಿಕೊಂಡು ಬಂದು, ಬೆಳಗಿನ ಯೇಸುವಿನ ಪ್ರಾರ್ಥನೆಯನ್ನು ಸಿಸ್ಟರುಗಳಿಗಿಂತ ಗಟ್ಟಿಯಾಗಿ ಹೇಳುತ್ತಿದ್ದರು. ಇದರಲ್ಲಿ ವಿಚಿತ್ರವೇನೂ ಯಾರಿಗೂ ಕಂಡಿರಲಿಲ್ಲ, ಬಹುಶಃ ಯೇಸುವಿಗೂ.

ಹಿಮಾಲಯದ ಪಾಠ ಬಂದಾಗ ನಮಗೆ ಹಿಮ ಅಂದರೇನೆಂದು ತಿಳಿಯಲಿಲ್ಲ. ಟೀಚರ್ ಹೊರಗೆ ಹೋಗಿ, ಸೈಕಲ್ ಮೇಲೆ ಪೆಟ್ಟಿಗೆ ಇಟ್ಟುಕೊಂಡು ಬರುವವನಿಂದ ಒಂದು ಐಸ್‌ಕ್ಯಾಂಡಿ ತಂದರು. "ಮುಟ್ಟಿ ನೋಡಿ ಮುಂದಿನೋರಿಗೆ ಕೊಡ್ರಿ. ನೆಕ್ಕಿದೋರ ನಾಲಿಗಿ ಕೊಯ್ತೀನಿ" ಎಂದರು. ಮಳೆ ಕಾಣದ ಜೂನ್ ತಿಂಗಳು, ಕಾದ ಬಿಸಿಲು. ನಾನು ಜಾಣೆ, ಅಂದರೆ ಕಟ್ಟಕಡೆಯ ಸಾಲು. ನನ್ನ ಕೈಗೆ ಬಂದದ್ದು ಬರೀ ಕಡ್ಡಿ ಮತ್ತು ಮೊಣಕೈವರೆಗೆ ಹರಿದ ಕೆಂಪು ನೀರು. ನಾನು ಅಳುಮುಖ ಮಾಡಿದೆ. "ಯಾಕ ಅಳ್ತಿ ನೀಲಾ? ಎಲ್ಲಾರಿಗೂ ಬರೇ ಹಿಮ ಸಿಕ್ಕೈತಿ, ನಿನಗ ಗಂಗಾ ನದಿನ ಸಿಕ್ಕೈತಿ" ಎಂದರು.

ಇಷ್ಟೆಲ್ಲ ಮಾಡುತ್ತಿದ್ದ ಟೀಚರ್ ಕೆಲಸ ಕಾಯಂ ಆಗಿರಲಿಲ್ಲ. ಗಂಡ ತೀರಿಕೊಂಡಿದ್ದ. ಕಾಯಂ ಆಗದಿದ್ದರೆ ಜವಳಗೇರಾದಲ್ಲಿ ಮೈದುನನ ಮನೆ ಸೇರಿ, ಗದ್ದೆ ನಾಟಿಯ ಆಳುಗಳಿಗೆ ರೊಟ್ಟಿ ಬಡಿಯಬೇಕು. "ಅಲ್ಲಿ ನಾ ಭೂಗೋಳ ಹೇಳಿದ್ರ ಎಮ್ಮಿಗೆ ಹೇಳ್ಬೇಕು" ಎಂದು ನಮ್ಮ ಅವ್ವನ ಮುಂದೆ ಅಂದಿದ್ದರು. ಕಾಯಂ ಮಾಡುವುದು ಬಿಡುವುದು ಲಿಂಗಸುಗೂರಿನಿಂದ ಜೀಪಿನಲ್ಲಿ ಬರುತ್ತಿದ್ದ ದೊಡ್ಡ ಫಾದರ್ ಕೈಯಲ್ಲಿತ್ತು.

ದೊಡ್ಡ ಫಾದರ್‌ಗೆ ನಮ್ಮ ಹೆಡ್‌ಮಿಸ್ ಸಿಸ್ಟರ್ ಮೇಲೂ ಅಸಮಾಧಾನವಿತ್ತು. ಸಿಸ್ಟರ್ ಮಂಗಳೂರು ಕಡೆಯವರು, ಬಲು ಮೆತ್ತಗಿನ ಮನುಷ್ಯರು. ಹಿಂದಿನ ವರ್ಷ ಹತ್ತಿ ಬಿಡಿಸುವ ಕಾಲದಲ್ಲಿ ಮಕ್ಕಳೇ ಬರಲಿಲ್ಲವೆಂದು ಶಾಲೆಗೆ ರಜೆ ಕೊಟ್ಟುಬಿಟ್ಟಿದ್ದರು. ಇನ್ನೊಂದು ತಪ್ಪು ಕಂಡರೆ ದೂರ ಎಲ್ಲಿಗಾದರೂ ಕಳಿಸುತ್ತೇನೆಂದು ಫಾದರ್ ಎಲ್ಲರ ಎದುರಿಗೇ ಹೇಳಿ ಹೋಗಿದ್ದರು.

ಆ ಡಿಸೆಂಬರಿನಲ್ಲಿ ಸಿಸ್ಟರ್ ವರಾಂಡದಲ್ಲಿ ಗೋದಲಿ ಕಟ್ಟಿಸಿದರು. ಯೇಸು ಹುಟ್ಟಿದ ಕೊಟ್ಟಿಗೆ, ಬಾಲಯೇಸು, ತಾಯಿ, ಕುರಿಗಳು. ಸುತ್ತಲೂ ಹಿಮ ಬೇಕು, ಹತ್ತಿ ತನ್ನಿ ಎಂದು ನಮಗೆ ಹೇಳಿದರು. ನಾವು ಹೊಲದಿಂದ ತಂದೆವು. ಗಿಡ, ಕಾಯಿ, ತೊಟ್ಟು ಸಮೇತ.

ಟೀಚರ್ ನಡು ಹಿಡಿದುಕೊಂಡು ನಿಂತು ನೋಡಿದರು. "ಸಿಸ್ಟರ್, ಇಷ್ಟು ಹಿಮ ಅಲ್ಲೆಲ್ಲಿ ಬೀಳ್ತದ್ರಿ? ನಮ್ಮ ಕಡಿ ಇದ್ದಂಗ ಒಣಾ ನೆಲಾ ಅದು. ಒಂದೀಟು ಕಲ್ಲು, ಒಣಹುಲ್ಲು ಹಾಕ್ರಿ ಸಾಕು."

"ಎಲ್ಲ ಕಡೆ ಹೀಗೇ ಮಾಡುವುದು ಟೀಚರ್. ನೋಡ್ಲಿಕ್ಕೆ ಚಂದ ಉಂಟಲ್ಲ?"

"ಚಂದ ಐತ್ರಿ. ಖರೇ ಇಲ್ರಿ."

ವಾದ ನಡೆದದ್ದು ನಮ್ಮೆಲ್ಲರ ಎದುರಿಗೆ. ಗೆದ್ದದ್ದು ಹತ್ತಿ.

ಕ್ರಿಸ್‌ಮಸ್ ರಜೆಗೆ ಮೊದಲು ದೊಡ್ಡ ಫಾದರ್ ಬಂದರು. ಗೋದಲಿಯ ಮುಂದೆ ನಮ್ಮನ್ನೆಲ್ಲ ಕೂರಿಸಿ ಕೇಳಿದರು, "ಯೇಸುಸ್ವಾಮಿ ಎಲ್ಲಿ ಹುಟ್ಟಿದರು ಮಕ್ಕಳೇ?"

"ಹತ್ತಿ ಹೊಲದಾಗ್ರೀ ಫಾದರ್!" ಇಡೀ ಶಾಲೆ ಒಂದೇ ಸ್ವರದಲ್ಲಿ ಹೇಳಿತು.

ಕಣ್ಣಿಗೆ ಕಂಡದ್ದನ್ನೇ ಹೇಳಿದ್ದೆವು. ಫಾದರ್ ಮುಖ ಕೆಂಪಾದದ್ದು ನೋಡಿ, ಉತ್ತರ ಸಾಲಲಿಲ್ಲವೆಂದು ತಿಳಿದ ನಮ್ಮ ಇಯತ್ತೆಯ ಗಂಗಿ ಎದ್ದು ನಿಂತು ವಿವರಿಸಿದಳು. "ಅವರವ್ವ ಹತ್ತಿ ಬಿಡಸಾಕ ಕೂಲಿಗೆ ಹೋಗಿದ್ಲ್ರಿ. ಅಲ್ಲೇ ಬ್ಯಾನಿ ಬಂದಾವ್ರಿ. ನನ್ನ ತಮ್ಮನೂ ಹಂಗ ಹುಟ್ಯಾನ್ರಿ."

"ಈ ಹತ್ತಿ ಹಾಕಿಸಿದ್ದು ಯಾರು?" ಎಂದರು ಫಾದರ್.

ಸಿಸ್ಟರ್ ತುಟಿ ಅಲುಗಿತು. ಅಷ್ಟರಲ್ಲಿ ಶರಣಮ್ಮ ಟೀಚರ್ ಮುಂದೆ ಬಂದು ನಿಂತಿದ್ದರು. "ನಾನ್ರಿ ಫಾದರ್. ಅಲ್ಲಿ ಭಾಳ ಹಿಮ ಬೀಳ್ತದಂತ ತಿಳ್ಕೊಂಡಿದ್ದೆ."

ನಾವು ಬಾಯಿ ಬಿಟ್ಟು ನೋಡಿದೆವು. ಹನುಮಂತ ಏನೋ ಹೇಳಲು ಎದ್ದ. "ಕುಂದ್ರಲೇ" ಎಂದರು ಟೀಚರ್. ಕೂತ.

"ಭೂಗೋಳ ಕಲಿಸುವವರಿಗೆ ಬೆತ್ಲೆಹೇಮಿನ ಹವೆ ಗೊತ್ತಿರಬೇಡವೇ?"

"ಗೊತ್ತಿರಬೇಕ್ರಿ" ಎಂದು ಟೀಚರ್ ಒಪ್ಪಿಕೊಂಡರು.

ಸಿಸ್ಟರ್ ಅದೇ ಸಂಜೆ ಫಾದರ್ ಬಳಿ ಹೋಗಿ ನಿಜ ಹೇಳಿದರಂತೆ. ಅಡಿಗೆಯ ಮರಿಯಮ್ಮ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದಳು. ಕೈಕೆಳಗಿನವರ ತಪ್ಪನ್ನು ತಮ್ಮ ಮೇಲೆ ಹಾಕಿಕೊಳ್ಳುವ ಇಂಥ ದೊಡ್ಡ ಮನಸ್ಸನ್ನು ತಾನು ಎಲ್ಲಿಯೂ ಕಂಡಿಲ್ಲವೆಂದು ಫಾದರ್ ಸಿಸ್ಟರನ್ನು ಹೊಗಳಿದರು. ವರ್ಗದ ಮಾತು ಮತ್ತೆ ಎತ್ತಲಿಲ್ಲ. ಬೇಸಿಗೆ ರಜೆ ಮುಗಿದ ಮೇಲೆ ನಮ್ಮ ಟೀಚರ್ ಜಾಗಕ್ಕೆ ಲಿಂಗಸುಗೂರಿನಿಂದ ತರಬೇತಿಯಾದ ಹೊಸ ಟೀಚರ್ ಬರುವುದು ಗಟ್ಟಿಯಾಯಿತು.

ಶರಣಮ್ಮ ಟೀಚರ್ ಊರು ಬಿಡುವ ದಿನ ಅವ್ವ ನನ್ನ ಕೈಯಲ್ಲಿ ರೊಟ್ಟಿ ಬುತ್ತಿ ಕೊಟ್ಟು ಬಸ್‌ಸ್ಟ್ಯಾಂಡಿಗೆ ಕಳಿಸಿದಳು. ಸಿಂಧನೂರು ಬಸ್ಸು ಹತ್ತಿ, ಅಲ್ಲಿಂದ ಅವರು ಜವಳಗೇರಾಕ್ಕೆ ಹೋಗಬೇಕು. ಸಿಸ್ಟರ್ ಕೂಡ ಬಂದಿದ್ದರು. ಅವರು ಸೀಟು ಕೇಳಲು ಕಂಡಕ್ಟರನ ಹತ್ತಿರ ಹೋದಾಗ ನನಗೆ ತಡೆಯಲಾಗಲಿಲ್ಲ.

"ಟೀಚರ್, ಹತ್ತಿ ಬ್ಯಾಡ ಅಂದೋರು ನೀವ. ಸುಳ್ಳ್ಯಾಕ ಹೇಳಿದ್ರಿ?"

ಅವರು ಸಿಸ್ಟರ್ ಇದ್ದ ಕಡೆ ನೋಡಿದರು. "ನನ್ನ ತೆಗದ್ರ ನಾ ಮೈದುನನ ಮನಿಗೆ ಹೊಕ್ಕೀನಿ. ಬೈತಾನ, ಆದ್ರ ಬಾಗಿಲಾ ತೆಗಿತಾನ. ಅವ್ರನ್ನ ಇಲ್ಲಿಂದ ಕಳಿಸಿದ್ರ ಅವ್ರು ಯಾರ ಮನಿಗೆ ಹೋಗ್ಬೇಕು ಹೇಳು."

ಸಿಸ್ಟರ್ ವಾಪಸು ಬಂದು, "ಕಿಟಕಿ ಬದಿ ಸೀಟು ಉಂಟು ಟೀಚರ್" ಎಂದರು. ಟೀಚರ್ ಟ್ರಂಕು ಎತ್ತಿಕೊಂಡು ಹತ್ತಿದರು. ಆಮೇಲೆ ನಾನು ಅವರನ್ನು ನೋಡಲಿಲ್ಲ.

ಬಸ್ಸು ಹೋದರೂ ಸಿಸ್ಟರ್ ಬಿಸಿಲಲ್ಲಿ ನಿಂತೇ ಇದ್ದರು. ನಾನು ಅವರ ಕೈ ಹಿಡಿದು, "ಮನಿಗೆ ನಡೀರಿ ಸಿಸ್ಟರ್" ಎಂದೆ.

"ಯಾರ ಮನೆಗೆ?" ಎಂದರು, ನಿಜವಾಗಿ ಗೊತ್ತಿಲ್ಲದವರ ಹಾಗೆ.

ನಮ್ಮ ಮನೆಗೆ ಕರೆದುಕೊಂಡು ಹೋದೆ. ಅವ್ವ ಏನೂ ಕೇಳದೆ ಚಹಾ ಕಾಸಿದಳು. ಸಿಸ್ಟರ್ ಅಳುತ್ತಲೇ ಕುಡಿದರು.