ಟೇಟಸ್ಕೋ ಮತ್ತು ಬಾವಿಯ ದಾರಿ

ಓದುತ್ತಿದ್ದ ಅನುವಾದಿತ ಕಾದಂಬರಿಯಲ್ಲಿ ಈ ಸಂಜೆ 'ಸ್ಟೇಟಸ್ ಕೋ' ಎಂಬ ಮಾತು ಬಂತು. ಇಂಗ್ಲಿಷಿನವರು ಲ್ಯಾಟಿನ್ನಿನಿಂದ ತೆಗೆದುಕೊಂಡ ಮಾತು. ಅನುವಾದಕರು ಪುಟದ ಕೆಳಗೆ 'ಯಥಾಸ್ಥಿತಿ. ಏನನ್ನೂ ಮಾಡದೆ ಇರುವುದು' ಎಂದು ಅರ್ಥ ಕೊಟ್ಟಿದ್ದಾರೆ. ಎರಡನೆಯ ಅರ್ಥವನ್ನು ನಾನು ಒಪ್ಪಲಾರೆ.

ನಮ್ಮೂರು ಹರವೆಯಲ್ಲಿ ನಮ್ಮ ಬಾವಿಗೆ ಹೋಗುವ ಕಾಲುದಾರಿ ಅಪ್ಪನ ದಾಯಾದಿಯಾದ ದೊಡ್ಡಪ್ಪನ ಹೊಲದೊಳಗಿತ್ತು. ಅದನ್ನು ಉತ್ತು ಹೊಲಕ್ಕೆ ಸೇರಿಸಲು ಅವರು ಹೊರಟಾಗ ಅಜ್ಜಿ ಚಾಮರಾಜನಗರದ ಕೋರ್ಟಿಗೆ ಹೋದಳು. ತೀರ್ಪು ಬರುವವರೆಗೆ ಸ್ಟೇಟಸ್ ಕೋ ಎಂದು ಆದೇಶವಾಯಿತು. ಈಗ ಹೇಗಿದೆಯೋ ಹಾಗೇ ಇರಬೇಕು ಎಂದು ವಕೀಲರು ಬಿಡಿಸಿ ಹೇಳಿದರು.

ಅಜ್ಜಿಯ ಬಾಯಲ್ಲಿ ಅದು 'ಟೇಟಸ್ಕೋ' ಆಯಿತು. ಮನೆಯ ಮುಂದೆ ನಲ್ಲಿ ಬಂದ ಮೇಲೂ ಅವಳು ದಿನಾ ಬಿಂದಿಗೆ ಹಿಡಿದು ಬಾವಿಗೇ ಹೋದಳು. ಜ್ವರ ಬಂದು ಮಲಗಿದ ದಿನ ಆ ಬಿಂದಿಗೆ ನನ್ನ ಸೊಂಟಕ್ಕೇರಿತು.

"ನಾವು ಓಡಾಡದ್ ಬುಟ್ರೆ ಹುಲ್ಲು ಬೆಳ್ಕತ್ತದೆ ಕಣಮ್ಮಿ. ಆಮೇಲೆ ಇಲ್ಲಿ ದಾರಿನೇ ಇರ್ನಿಲ್ಲ ಅಂತಾರೆ. ಓಗು."

ದೊಡ್ಡಪ್ಪ ದಾರಿಗೆ ಅಡ್ಡ ಕಾಲು ಚಾಚಿ ಬದುವಿನ ಮೇಲೆ ಕೂತಿದ್ದರು.

"ನಲ್ಲಿ ನೀರು ನಿಮ್ಮಜ್ಜಿಗೆ ಸಪ್ಪಗಾಗೋಯ್ತಾ ಅಮ್ಮಿ?"

"ಟೇಟಸ್ಕೋ ಅದೆ ದೊಡ್ಡಪ್ಪ, ನಡೀಲೇಬೇಕಂತೆ," ಎಂದೆ.

ಅವರು ನಕ್ಕುಬಿಟ್ಟರು. ಆದರೂ ಕಾಲು ಮಡಚಿಕೊಂಡು ಜಾಗ ಬಿಟ್ಟರು.

ಕೊನೆಗೆ ತೀರ್ಪು ನಮ್ಮ ಕಡೆಗೇ ಆಯಿತು. ಅಷ್ಟರಲ್ಲಿ ಬಾವಿ ಬತ್ತಿತ್ತು. ಅದರಾಚೆ ಈಗ ರಸ್ತೆಯಾಗಿದೆ. ದೊಡ್ಡಪ್ಪನ ಮೊಮ್ಮಕ್ಕಳು ಬೆಳಗ್ಗೆ ಸ್ಕೂಲ್ ಬಸ್ಸಿಗೆ ಓಡುವುದು ಅಜ್ಜಿ ಸವೆಸಿಟ್ಟ ಆ ದಾರಿಯಲ್ಲೇ.