ಕನ್ಯೆ ನೋಡಲು ಬಂದವರು ಕಬ್ಬು ನೋಡಿದರು

ಗಂಡಿನ ಅಪ್ಪ ಹೆಣ್ಣಿನ ಕಡೆ ತಿರುಗಲೇ ಇಲ್ಲ. ಗೋಡೆ ನೋಡುತ್ತ ಕುಳಿತರು!

ಕಳೆದ ಭಾನುವಾರದ ಮಾತು. ಜುಗೂಳದ ನನ್ನ ತಮ್ಮ ಬಾಳಗೌಡನ ಮನೆ. ಅವನ ಮಗಳು ಸುಪ್ರಭಾಳನ್ನು ನೋಡಲು ಶೇಡಬಾಳದಿಂದ ಗಂಡಿನ ಕಡೆಯವರು ಬಂದಿದ್ದರು. ಹುಡುಗ ಅವಳಿಗೆ ಮೊದಲೇ ಇಷ್ಟವಾಗಿದ್ದ. (ಫೋನಿನಲ್ಲಿ ಎಷ್ಟು ಮಾತಾಗಿದೆ ಎಂದು ನಾನು ಕೇಳಲಿಲ್ಲ. ನೀವೂ ಕೇಳಬೇಡಿ.) ಬಾಕಿ ಇದ್ದದ್ದು ಅವನ ಅಪ್ಪನ ‘ಹೂಂ’ ಒಂದೇ.

ಸುಪ್ರಭಾ ಪೇಂಟಿಂಗ್ ಮಾಡುತ್ತಾಳೆ. ಗೋಡೆಯ ಮೇಲಿದ್ದದ್ದು ಅವಳದೇ ಚಿತ್ರ. ಹೊಲದಲ್ಲಿ ಕಬ್ಬು ಕಡಿಯುವ ಮಶೀನು, ಹಿಂದೆ ಕೃಷ್ಣಾ ನದಿ, ಕಬ್ಬಿನ ತುದಿಗೆಲ್ಲ ಸಂಜೆಯ ನೇರಳೆ ಬೆಳಕು. ಶೈಲಿ ಇಂಪ್ರೆಷನಿಸ್ಟ್. ಅಂದರೆ ಗೆರೆಯಿಲ್ಲ, ಬರೀ ಬಣ್ಣದ ಚುಕ್ಕೆಗಳು. ಮಶೀನಿಗಿಂತ ಅದರ ಮೇಲೆ ಬಿದ್ದ ಬೆಳಕೇ ಮುಖ್ಯ. ಹುಡುಗಿಯ ಜಾಣತನ ಎಲ್ಲರಿಗೂ ಕಾಣಲಿ ಎಂದು ಹಾಲ್‌ನಲ್ಲಿ ತೂಗುಹಾಕಿಸಿದ್ದು ಸಾಕ್ಷಾತ್ ನಾನೇ.

“ಇದು ಯಾರ ಹೊಲಾರಿ?” ಎಂದರು ಹುಡುಗನ ಅಪ್ಪ.

“ನಮ್ದ ಐತ್ರಿ!” ತಮ್ಮ ಎದೆಯುಬ್ಬಿಸಿದ.

“ತುರಾಯಿ ಬಂದು ನಿಂತೈತಲ್ರೀ ಕಬ್ಬು!”

ತಮ್ಮನ ಮುಖ ಇಷ್ಟು ಸಣ್ಣದಾಯಿತು. ತುರಾಯಿ ಎಂದರೆ ಕಬ್ಬಿನ ಹೂವು. ಅದು ಬಂತೆಂದರೆ ಕಬ್ಬು ಹಗುರಾಯಿತು, ಹೊತ್ತಿಗೆ ಸರಿಯಾಗಿ ಕಟಾವು ಮಾಡಿಸುವ ತಾಕತ್ತು ಮಾಲೀಕನಿಗಿಲ್ಲ ಎಂದರ್ಥ. ಇಂಥವನ ಜೊತೆ ಬೀಗತನವೇ?

“ಅದು ಸಂಜಿ ಬೆಳಕ್ರಿ...”

“ಮಶೀನಿಗೆ ಗಾಲಿನೂ ಕಾಣವಲ್ದು. ಕೆಸರಾಗ ಸಿಕ್ಕೊಂಡೈತಿ. ಹಸೀ ಹೊಲಕ್ಕ ಯಾರರ ಮಶೀನ್ ಇಳಸ್ತಾರೇನ್ರಿ?”

ಸುಪ್ರಭಾ ಚಹಾ ತರಲು ಒಳಗೆ ಎದ್ದಳು, ಹಿಂದೆ ನಾನೂ. ತಮ್ಮ ಅಡುಗೆಮನೆಗೆ ಓಡಿಬಂದ. “ಲೇ ಸುಪ್ರಭಾ, ಬ್ರಶ್ ತಗೋ. ಲಗೂನ ಗಾಲಿ ಬರಿ. ಆ ನೇರಳಿ ಬಣ್ಣ ಒರಸಿಬಿಡು!”

“ಅಪ್ಪಾ, ಅದು ಬೆಳಕು!”

“ಬೆಂಕಿ ಬೀಳಲಿ ನಿನ್ನ ಬೆಳಕಿಗೆ! ಮದುವಿ ಮುರೀತೈತಿ!”

ಹುಡುಗಿಯ ಕಣ್ಣು ತುಂಬಿತು. ಆದರೆ ಅವಳು ಬ್ರಶ್ ಮುಟ್ಟಲಿಲ್ಲ. ಚಹಾದ ಟ್ರೇ ಎತ್ತಿಕೊಂಡು ಸೀದಾ ಹಾಲ್‌ಗೆ ಹೋದಳು. ಹುಡುಗನ ಅಪ್ಪನ ಕೈಗೆ ಕಪ್ಪು-ಬಸಿ ಕೊಟ್ಟಳು.

“ಕಾಕಾರ, ಮೂಗಿಗೆ ಹಚ್ಚಿ ನೋಡಿದ್ರ ಅದು ಕಾಣೂದಿಲ್ರಿ. ಒಂಚೂರು ಹಿಂದ ಸರೀರಿ.”

ಸರಿದರು. “ಇನ್ನಾ ಸ್ವಲ್ಪ.” ಸೋಫಾ ಸರಿಯಿತು. “ಇನ್ನಾ.” ಹೊಸ್ತಿಲು ದಾಟಿದರು. ಕಪ್ಪು-ಬಸಿ ಹಿಡಿದೇ ಕಟ್ಟೆ ಇಳಿದರು. ಅಂಗಳದ ಆ ತುದಿಯಲ್ಲಿ ಕಟ್ಟಿದ್ದ ಎಮ್ಮೆಗೆ ಬೆನ್ನು ತಾಗಿದಾಗ ನಿಂತರು.

ತೆರೆದ ಬಾಗಿಲಿನಿಂದ ಚಿತ್ರವನ್ನೇ ದಿಟ್ಟಿಸಿದರು.

“ಅಯ್ಯ ಶಾಬ್ಬಾಸ! ಮಶೀನ್ ಹೊಂಟೈತ್ರಿ! ಕಬ್ಬು ಬೀಳಾಕತ್ತೈತಿ!” ಕೂಗಿಗೆ ಎಮ್ಮೆಯೇ ಬೆಚ್ಚಿತು. “ಬಾಳಗೌಡ್ರ, ನಮಗ ಕನ್ಯಾ ಪಸಂದ ಐತಿ!”

ತಮ್ಮ ಬಾಗಿಲಲ್ಲೇ ಕೈಮುಗಿದ. ಸುಪ್ರಭಾ ನನ್ನ ಸೆರಗಿಗೇ ಕಣ್ಣೊರೆಸಿಕೊಂಡು ನಕ್ಕಳು. ನನಗೂ ಖುಷಿಯೋ ಖುಷಿ. ಆದರೂ ತಲೆಯಲ್ಲಿ ಒಂದು ಹುಳ ಕೊರೆಯುತ್ತಿದೆ.

ಶೇಡಬಾಳದ ಆ ಮನೆಯಲ್ಲಿ, ಅತ್ತೆ-ಮಾವ ಸೊಸೆಯಿಂದ ಇಷ್ಟು ದೂರ ಸರಿದು ನಿಲ್ಲುವಷ್ಟು ಜಾಗವಿದೆಯೇ?