ವೆಂಕಣ್ಣನ ದೋಣಿಗೆ ಬೇಕಾದ ಸಂಗೀತ

ವೆಂಕಣ್ಣನ ದೋಣಿಯ ಹಾಯಿ ಚುನಾವಣೆಯ ಫ್ಲೆಕ್ಸಿನಿಂದ ಹೊಲಿದದ್ದು. ಮತ ಎಣಿಕೆಯ ಮರುದಿನ ದೇವದುರ್ಗದ ರಸ್ತೆಯಿಂದ ಅದನ್ನು ಬಿಚ್ಚಿ ತಂದಾಗ ಸೋತ ಅಭ್ಯರ್ಥಿಯ ಕಡೆಯವರಾರೂ ಕೇಳಲು ಬರಲಿಲ್ಲ. ಗಾಳಿ ಬೀಸಿದರೆ ಆ ಮಹನೀಯರ ಕೆನ್ನೆ ಉಬ್ಬುತ್ತಿತ್ತು. ಗಾಳಿ ಬಿದ್ದರೆ ಕೈ ಮುಗಿದ ಭಂಗಿಯಲ್ಲೇ ಅವರು ಮಡಚಿಕೊಳ್ಳುತ್ತಿದ್ದರು. ಗೆದ್ದಿದ್ದರೆ ಜನರನ್ನು ಎಲ್ಲಿಗೆ ಮುಟ್ಟಿಸುತ್ತಿದ್ದರೋ ಹೇಳಲಾಗದು, ಸೋತ ಮೇಲಂತೂ ಕೃಷ್ಣೆಯ ಆಚೆ ದಡಕ್ಕೆ ದಿನವೂ ಮುಟ್ಟಿಸುತ್ತಿದ್ದರು.

ದೋಣಿ ಚಿಕ್ಕದು. ಹತ್ತು ಜನ ಕೂತರೆ ಒಬ್ಬರ ಮೊಣಕಾಲು ಇನ್ನೊಬ್ಬರದಕ್ಕೆ ತಾಗುತ್ತಿತ್ತು. ಸೇತುವೆಯ ದಾರಿ ಬಹಳ ಸುತ್ತಾದ್ದರಿಂದ ಎರಡೂ ದಡದವರು ಸಂತೆಗೆ, ದವಾಖಾನೆಗೆ, ಬೀಗರ ಮನೆಗೆ ಇದನ್ನೇ ಏರುತ್ತಿದ್ದರು. ಚುಕ್ಕಾಣಿಯ ಪಕ್ಕದಲ್ಲಿ ಒಂದು ಹಳೆಯ ಟೇಪಿತ್ತು. ಮಾನ್ವಿಯಲ್ಲಿದ್ದ ವೆಂಕಣ್ಣನ ಷಡ್ಡಕ ಅದನ್ನು ತನ್ನ ಟ್ರ್ಯಾಕ್ಟರಿನಿಂದ ಕಿತ್ತು ಕೊಟ್ಟಿದ್ದ. ಅದರಲ್ಲಿ ಹಾಡಿಗಿಂತ ಕರಕರ ಹೆಚ್ಚು. ಹಾಡುವವರು ಗಂಡಸೋ ಹೆಂಗಸೋ ತಿಳಿಯುತ್ತಿರಲಿಲ್ಲ. ಆದರೂ ಜನ ಹತ್ತಿದ ಕೂಡಲೇ, “ಹಾಡು ಹಚ್ಚಪಾ ವೆಂಕಣ್ಣ,” ಅನ್ನುತ್ತಿದ್ದರು. ಇದರಿಂದ ವೆಂಕಣ್ಣ ತನ್ನ ಪ್ರಯಾಣಿಕರೆಲ್ಲ ಸಂಗೀತಪ್ರಿಯರೆಂದು ತೀರ್ಮಾನಿಸಿದ್ದ. ತೀರ್ಮಾನ ಮಾಡುವುದರಲ್ಲಿ ಆತ ಎಂದೂ ತಡಮಾಡಿದವನಲ್ಲ.

ಕಳೆದ ವರ್ಷ ಎರಡು ಸಂಗತಿಗಳು ಒಟ್ಟಿಗೆ ನಡೆದವು. ವೆಂಕಣ್ಣನ ಊರಿನವನೇ ಆದ ಬೀರೇಶ ಇಂಜಿನ್ ದೋಣಿ ತಂದ. ವೆಂಕಣ್ಣನ ಟೇಪಿಗೆ ನೀರು ಹೊಕ್ಕು ಅದು ಬಾಯಿ ಮುಚ್ಚಿತು. ಇಂಜಿನ್ನಿನ ವೇಗಕ್ಕೆ ಹಾಯಿ ಸಮವಲ್ಲ. ತನ್ನ ಬಳಿ ಉಳಿದಿರುವುದು ಸಂಗೀತವೊಂದೇ, ಅದು ಹೋದರೆ ದೋಣಿಯನ್ನು ದಡದಲ್ಲಿ ಬೋರಲು ಹಾಕುವುದೇ ಸರಿ ಎಂದು ವೆಂಕಣ್ಣನಿಗೆ ಅನ್ನಿಸಿತು.

“ಮಂದಿ ದಂಡಿ ಮುಟ್ಟಾಕ ಬರ್ತಾರೋ, ನಿನ್ನ ಕಚೇರಿ ಕೇಳಾಕ ಬರ್ತಾರೋ?” ಎಂದು ಹೆಂಡತಿ ಹನುಮಂತಮ್ಮ ಕೇಳಿದಳು.

“ನಿನಗ ತಿಳಿಯಂಗಿಲ್ಲ ಬಿಡು,” ಎಂದು ಆತ ರಾಯಚೂರಿನ ಬಸ್ಸು ಹತ್ತಿದ.

ರಾಯಚೂರಿನಲ್ಲಿ ವಲಿ ಪಾಷಾ ಎಂಬುವರ ಅಂಗಡಿಯಿತ್ತು. ವೆಂಕಣ್ಣ ಅಲ್ಲಿ ಮಧ್ಯಾಹ್ನದವರೆಗೆ ಕೂತು ಪ್ರತಿಯೊಂದು ಸ್ಪೀಕರಿಗೂ ಕಿವಿಗೊಟ್ಟು, ಕಣ್ಣು ಮುಚ್ಚಿ, ತಲೆದೂಗಿದ. ಮದುವೆಗೆ ಹೆಣ್ಣು ನೋಡಲು ಹೋದಾಗಲೂ ಆತ ಇಷ್ಟು ಹೊತ್ತು ತೆಗೆದುಕೊಂಡಿರಲಿಲ್ಲ. ಕೊನೆಗೆ ಆರಿಸಿದ್ದು ನೀರು ಬಿದ್ದರೂ ಕೆಡದ ಒಂದು ಬ್ಲೂಟೂತ್ ಪೆಟ್ಟಿಗೆ.

“ಹಾಡೋರು ಉಸಿರು ತಗೊಂಡಿದ್ದೂ ಕೇಳತದ,” ಎಂದರು ವಲಿ ಪಾಷಾ. ಅವರು ಹೇಳಿದ್ದು ಸುಳ್ಳಾಗಿರಲಿಲ್ಲ. ತೊಂದರೆ ಶುರುವಾದದ್ದು ಅಲ್ಲಿಂದಲೇ.

ಮೊದಲ ಶನಿವಾರ ದೋಣಿ ತುಂಬಿತ್ತು. ಎರಡೂ ದಡಗಳ ನಂಟಸ್ತನ ಕುದುರಿಸುವ ಬೂದೆಮ್ಮ ನಡುವೆ ಕೂತು, ಪಕ್ಕದ ಗೋಪಮ್ಮನಿಗೆ ಒಬ್ಬ ವರನ ವಿಚಾರ ಹೇಳುತ್ತಿದ್ದಳು. ಹೊಳೆಯ ನಡುವೆ ಒಂದು ಹಾಡು ಮುಗಿಯಿತು. ಮುಂದಿನದು ಶುರುವಾಗುವ ಮೊದಲಿನ ನಿರ್ಮಲ ಮೌನದಲ್ಲಿ ಬೂದೆಮ್ಮನ ಮಾತು ಹಾಯಿಗೆ ಬಡಿದು ತಿರುಗಿ ಬಂದಂತೆ ಎಲ್ಲರಿಗೂ ಕೇಳಿಸಿತು: “...ಹುಡುಗ ಛಲೋ ಅದಾನ, ಖರೆ ಸಂಜಿಕ ಕುಡ್ಯಾಕ ಸೆರಿ ಬೇಕು.”

ದೋಣಿಯ ಮೂತಿಯಲ್ಲಿ ಕೂತಿದ್ದವರು ಆ ಹುಡುಗನ ಸೋದರಮಾವ. ಅವರು ನಿಧಾನವಾಗಿ ತಿರುಗಿದರು.

“ಯಾವ ಹುಡುಗಬೇ ಯವ್ವಾ?”

“ಈ ಹಾಡಿನಾಗಿನ ಹುಡುಗ,” ಎಂದಳು ಬೂದೆಮ್ಮ. ಅಷ್ಟರಲ್ಲಿ ಶುರುವಾದ ಮುಂದಿನ ಹಾಡು ದೇವರ ನಾಮವಾಗಿತ್ತು.

ನಂಟಸ್ತನ ಮುರಿಯಿತು. ಮುಂದಿನ ಶನಿವಾರ ಬೂದೆಮ್ಮ ಬೀರೇಶನ ದೋಣಿ ಹತ್ತಿದಳು. ಅವಳ ಹಿಂದೆ ಗೋಪಮ್ಮ, ಗೋಪಮ್ಮನ ಹಿಂದೆ ಉಳಿದವರು. ಹಾಡು ಮೆತ್ತಗಾಯಿತೆಂದು ವೆಂಕಣ್ಣ ತೀರ್ಮಾನಿಸಿ ದನಿ ಏರಿಸಿದ. ಇದ್ದ ನಾಲ್ವರು ಕಿವಿ ಮುಚ್ಚಿಕೊಂಡು ದಾಟಿ, ಸಂಜೆ ಬೀರೇಶನ ಜೊತೆ ಮರಳಿದರು. ಹಾಗಾದರೆ ಹಾಡೇ ಬೇಡವಾಗಿದೆಯೆಂದು ತೀರ್ಮಾನಿಸಿ ಪೆಟ್ಟಿಗೆಯನ್ನೇ ಬಂದ್ ಮಾಡಿದ. ಆಗ ದೋಣಿಯಲ್ಲಿ ಯಾರೂ ತುಟಿ ಬಿಚ್ಚಲಿಲ್ಲ. ಒಬ್ಬ ಕೆಮ್ಮಿದರೆ ಎಲ್ಲರೂ ಅವನನ್ನು ನೋಡಿದರು. ಪಾಪ, ಆತ ಕೆಮ್ಮಿದ್ದಕ್ಕೆ ಕಾರಣ ಹೇಳಬೇಕಾಯಿತು.

ಬೀರೇಶ ಯಾವ ಹಾಡು ಹಚ್ಚುತ್ತಾನೆಂದು ನೋಡಿಯೇ ಬಿಡಬೇಕೆಂದು ವೆಂಕಣ್ಣ ಒಂದು ದಿನ ಮಾನ ಬಿಟ್ಟು ಅವನ ದೋಣಿ ಹತ್ತಿದ.

“ಬರ್ರಿ ಮಾವ, ಕೂಡ್ರಿ. ನಿಮ್ಮಂತ ದೊಡ್ಡೋರು ನಮ್ಮ ದೋಣಿಗಿ,” ಎಂದು ಬೀರೇಶ ನಕ್ಕು ಹಗ್ಗ ಜಗ್ಗಿದ.

ಅಲ್ಲಿ ಹಾಡೇ ಇರಲಿಲ್ಲ. ಇಂಜಿನ್ ಒಂದೇ ಸಮನೆ ಗುಡುಗುಡು ಎನ್ನುತ್ತಿತ್ತು. ಅದರ ಮರೆಯಲ್ಲಿ ಪ್ರತಿಯೊಬ್ಬರೂ ಪಕ್ಕದವರ ಕಿವಿಗೆ ಬಾಯಿ ಹಚ್ಚಿದ್ದರು. ಹೊಲ ಮಾರುವವರು, ಸೊಸೆಯ ಮೇಲೆ ದೂರುವವರು, ಹೆಣ್ಣು ಕೇಳುವವರು, ಎಲ್ಲರ ಕೆಲಸವೂ ಹೊಳೆಯ ಮೇಲೆ ಸುಸೂತ್ರವಾಗಿ ಸಾಗುತ್ತಿತ್ತು. ಊರಲ್ಲಿ ಗೋಡೆಗೊಂದು ಕಿವಿಯಾದರೆ ಇಲ್ಲಿ ಕಿವಿಗೊಂದು ಗೋಡೆ.

“ಯವ್ವಾ, ನನ್ನ ದೋಣಿ ಯಾಕ ಬಿಟ್ಟಿ?” ಎಂದು ಬೂದೆಮ್ಮನನ್ನು ಕೇಳಿದ.

ಬೂದೆಮ್ಮ ಅವನ ಕಿವಿಗೇ ಬಾಯಿ ಹಚ್ಚಿದಳು. “ನಿನ್ನ ಹೊಸಾದು ಭಾಳ ಸ್ವಚ್ಛ ಹಾಡತದಪಾ. ನಡುನಡುವ ಸುಮ್ಮನಾಗತದ. ಹಳೇದು ಎಂದಾರ ಸುಮ್ಮನಾಗಿತ್ತೇನು?”

“ಅಂದ್ರ ನೀವು ಇಷ್ಟ್ ದಿನ ಹಾಡು ಕೇಳಲಿಲ್ಲೇನು?”

“ನಾವ್ಯಾಕ ಕೇಳೂನು? ಮಂದಿ ನಮ್ಮ ಮಾತು ಕೇಳಬಾರದಂತ ಹಚ್ಚು ಅಂತಿದ್ದಿವಿ.”

ತನ್ನ ಸಂಗೀತಪ್ರಿಯ ಪ್ರಜೆಗಳನ್ನೆಲ್ಲ ಒಮ್ಮೆಲೇ ಕಳೆದುಕೊಂಡ ವೆಂಕಣ್ಣ ಮರುದಿನ ಪೆಟ್ಟಿಗೆ ಹೊತ್ತು ರಾಯಚೂರಿಗೆ ಹೋದ.

“ಪಾಷಾ ಸಾಬ್ರೇ, ಇದು ವಾಪಸ್ ತಗೋರಿ. ಇದಕ್ಕಿಂತ ಕೆಟ್ಟದ್ದು ಕೊಡ್ರಿ.”

ವಲಿ ಪಾಷಾ ಕನ್ನಡಕ ತೆಗೆದು ಒರೆಸಿಕೊಂಡರು. “ಏನಾಗ್ಯಾದ ಇದಕ್ಕ?”

“ಏನೂ ಆಗಿಲ್ಲ. ಅದೇ ತ್ರಾಸು.”

ವಲಿ ಪಾಷಾ ಮೂಲೆಯ ಗುಜರಿಯನ್ನು ತಂದು ಮುಂದಿಟ್ಟರು. ವೆಂಕಣ್ಣ ಮತ್ತೆ ಕಣ್ಣು ಮುಚ್ಚಿ ಒಂದೊಂದನ್ನೇ ಕೇಳಿದ. ಒಂದು ಬಹಳ ಚೆನ್ನಾಗಿತ್ತೆಂದು ಪಕ್ಕಕ್ಕಿಟ್ಟ. ಇನ್ನೊಂದು ಆಗಾಗ ಸರಿಹೋಗುತ್ತಿತ್ತು, ಅದನ್ನು ನಂಬುವಂತಿರಲಿಲ್ಲ. ಕೊನೆಗೆ ಒಂದು ರೇಡಿಯೋ ಸಿಕ್ಕಿತು. ಯಾವ ಸ್ಟೇಷನ್ನೂ ಅದರಲ್ಲಿ ನಿಲ್ಲುತ್ತಿರಲಿಲ್ಲ. ಎರಡು ಸ್ಟೇಷನ್ನುಗಳ ನಡುವೆ ಎಣ್ಣೆಯಲ್ಲಿ ಮೆಣಸಿನಕಾಯಿ ಬಿಟ್ಟಂತೆ ಚರ್ ಎನ್ನುವ ಸದ್ದು, ಅದೂ ಬಿಡದೆ.

“ಇದು ಹಿಂಗೇ ಇರತದ? ಮುಂದ ಸುಧಾರಿಸಂಗಿಲ್ಲಲ್ಲ?”

“ಇಲ್ಲ, ಗ್ಯಾರಂಟಿ,” ಎಂದರು ವಲಿ ಪಾಷಾ. ಆಮೇಲೆ ದನಿ ತಗ್ಗಿಸಿದರು: “ಖರೆ ಎಲ್ಲಿ ತಂದಿ ಅಂತ ಯಾರಾರ ಕೇಳಿದ್ರ ನಮ್ಮ ಅಂಗಡಿ ಹೆಸರು ಹೇಳಬ್ಯಾಡ.”

ಬೂದೆಮ್ಮ ಮರಳಿದಳು, ಅವಳ ಹಿಂದೆ ಊರೂ ಮರಳಿತು. ಇಂಜಿನ್ ದೋಣಿ ಬೇಗ ದಡ ಸೇರಿಸಿಬಿಡುವುದರಿಂದ ಮಾತು ಅರ್ಧಕ್ಕೇ ನಿಲ್ಲುತ್ತದೆಂಬ ದೂರು ಅಲ್ಲಿಯೂ ಹುಟ್ಟಿತ್ತು. ಈಚೆಗೆ ಗಾಳಿಯಿಲ್ಲದೆ ಹುಟ್ಟು ಹಾಕಿ ನಿಧಾನ ಸಾಗುವ ದಿನ ವೆಂಕಣ್ಣನ ದೋಣಿಗೆ ನೂಕುನುಗ್ಗಲು.

ಒಂದು ಸಂಜೆ ಬೂದೆಮ್ಮ ಪರ ಊರಿನ ಹೆಂಗಸೊಬ್ಬಳ ಕಿವಿಯಲ್ಲಿ ಏನೋ ಹೇಳುತ್ತ ಚುಕ್ಕಾಣಿಯ ಕಡೆ ನೋಡಿದಳು. ಆ ಹೆಂಗಸೂ ನೋಡಿದಳು. “ಮಲ್ಲಿಕಾ” ಎಂದಂತೆ ಬೂದೆಮ್ಮನ ತುಟಿ ಆಡಿತು. ಮಲ್ಲಿಕಾ ವೆಂಕಣ್ಣನ ಮಗಳು. ಆ ವರ್ಷ ಅವಳಿಗೆ ಗಂಡು ನೋಡುತ್ತಿದ್ದರು. ಆತನ ಕೈ ತಾನಾಗಿ ರೇಡಿಯೋದ ಗುಂಡಿಗೆ ಹೋಗಿ ದನಿ ಒಂದಿಷ್ಟು ತಗ್ಗಿಸಿತು. ಕೂಡಲೇ ದೋಣಿಯ ತುಂಬ ಮಾತು ನಿಂತು, ಎಲ್ಲ ಮುಖಗಳೂ ಅವನತ್ತ ತಿರುಗಿದವು. ಎದುರು ದಡದಲ್ಲಿ ಬೀರೇಶ ಇಂಜಿನ್ನಿಗೆ ಎಣ್ಣೆ ಹಾಕುತ್ತಿದ್ದ.

ವೆಂಕಣ್ಣ ದನಿಯನ್ನು ಮೊದಲಿಗಿಂತ ಒಂದಿಷ್ಟು ಹೆಚ್ಚೇ ಏರಿಸಿ, ಮುಖ ನೀರಿನ ಕಡೆ ತಿರುಗಿಸಿದ.